ಕೃಪೆ, ಕಟ್ಟಳೆ ಮತ್ತು ಕಪಿಲೆಯ ದಡದ ಮತಗಳು

ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಪ್ರಾಕಾರದಲ್ಲಿ ಶಿವಭಕ್ತರಾದ ಪುರಾತನರ ವಿಗ್ರಹಗಳು ಸಾಲಾಗಿ ನಿಂತಿವೆ. ಪುರಾತನರಲ್ಲಿ ಕಣ್ಣಪ್ಪ ಬೇಡರವನು. ಬಾಯಲ್ಲಿ ನೀರು ತುಂಬಿಕೊಂಡು ಬಂದು ಲಿಂಗಕ್ಕೆ ಅಭಿಷೇಕ ಮಾಡಿದ, ಹಲ್ಲಿನಲ್ಲಿ ಕಚ್ಚಿ ರುಚಿ ನೋಡಿದ ಮಾಂಸವನ್ನು ನೈವೇದ್ಯಕ್ಕಿಟ್ಟ, ಕೊನೆಗೆ ತನ್ನ ಕಣ್ಣು ಕಿತ್ತು ಇಡುವಾಗ ಗುರುತಿಗೆಂದು ಶಿವನ ಮುಖಕ್ಕೇ ಕಾಲು ಕೊಟ್ಟ. ಆಗಮ ಬೇಡವೆಂದದ್ದನ್ನೆಲ್ಲ ಮಾಡಿದ, ಶಿವ ಅವನಿಗೇ ಒಲಿದ. ಹರಿಹರ ಇವನ ಮೇಲೆ ರಗಳೆ ಬರೆದ, ಗುಬ್ಬಿ ಕಂಪನಿ ನಾಟಕ ಆಡಿತು, 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ನಾಡಿಗೆಲ್ಲ ಪರಿಚಯವಾದರು. ಹಾಗೆಂದು ಕಣ್ಣಪ್ಪನ ಪೂಜಾಕ್ರಮವನ್ನು ಯಾವ ಗುಡಿಯೂ ಅನುಸರಿಸಲಿಲ್ಲ. ಅವನನ್ನು ನಿಲ್ಲಿಸಿಕೊಂಡಿರುವ ಗುಡಿಗಳಲ್ಲೂ ಪೂಜೆ ನಡೆಯುವುದು ಆಗಮದ ಪ್ರಕಾರವೇ.

ದೇವರು ಒಲಿಯುವುದು ತನ್ನ ಕೃಪೆಯಿಂದಲೋ, ಮನುಷ್ಯ ಅವನ ಆಜ್ಞೆಯನ್ನು ನಡೆಸಿದ್ದರಿಂದಲೋ? ಕೃಪೆಯೇ ಸಾಕೆಂದರೆ ಆಜ್ಞೆ ಯಾತಕ್ಕೆ? ಆಜ್ಞೆಯೇ ಮುಖ್ಯವೆಂದರೆ ಅದು ಕೂಲಿಯಾಯಿತಲ್ಲದೆ ಕೃಪೆ ಹೇಗಾಯಿತು? ಕ್ರೈಸ್ತ ಧರ್ಮ ಎರಡು ಸಾವಿರ ವರ್ಷ ಈ ಪ್ರಶ್ನೆಗಳ ಮೇಲೆ ಜಗಳವಾಡಿದೆ, ಇದರ ಮೇಲೆಯೇ ಒಡೆದಿದೆ. ಆದರೆ ಪ್ರಶ್ನೆ ಅದೊಂದರ ಸ್ವತ್ತಲ್ಲ. ನಂಜನಗೂಡಿನಿಂದ ಕಪಿಲೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಪುಟ್ಟ ಸೀಮೆಯಲ್ಲೇ ವೀರಶೈವರ ಸುತ್ತೂರು ಮಠವಿದೆ, ಮಾಧ್ವರ ಸೋಸಲೆ ವ್ಯಾಸರಾಜ ಮಠವಿದೆ, ರಾಘವೇಂದ್ರ ಸ್ವಾಮಿಗಳ ಪರಂಪರೆಯ ಮಠವಿದೆ, ಗುಂಜಾ ನರಸಿಂಹನ ಗುಡಿಯಿದೆ. ಸುತ್ತಲ ಮೈಸೂರು ಸೀಮೆಯಲ್ಲಿ ಜೆಸ್ಯೂಟರೂ ವೆಸ್ಲಿಯನ್ ಮಿಷನರಿಗಳೂ ಓಡಾಡಿದ್ದಾರೆ. ಒಬ್ಬೊಬ್ಬರದು ಒಂದೊಂದು ಉತ್ತರ. ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ಮಾತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಕೃಪೆಯನ್ನು ಗಟ್ಟಿಯಾಗಿ ಸಾರಿದವರೇ ಕಟ್ಟಳೆಯ ಪುಸ್ತಕವನ್ನೂ ಬರೆದಿಟ್ಟಿದ್ದಾರೆ.

ಪೌಲ ಹಚ್ಚಿದ ಕಿಡಿ

ಕ್ರೈಸ್ತರಲ್ಲಿ ವಾದ ಹುಟ್ಟಿದ್ದು ಊಟದ ಪಂಕ್ತಿಯಲ್ಲಿ. ಯೇಸುವನ್ನು ನಂಬಿದ ಯೆಹೂದ್ಯರಲ್ಲದವರು ಸುನ್ನತಿ ಮಾಡಿಸಿಕೊಳ್ಳಬೇಕೆ? ಮೋಶೆಯ ಧರ್ಮಶಾಸ್ತ್ರದ ಆಹಾರನಿಯಮ ಪಾಲಿಸಬೇಕೆ? ಅವರ ಜೊತೆ ಯೆಹೂದ್ಯ ವಿಶ್ವಾಸಿಗಳು ಕೂತು ಉಣ್ಣಬಹುದೆ? ಕ್ರಿ.ಶ. 49ರ ಸುಮಾರಿಗೆ ಜೆರೂಸಲೇಮಿನಲ್ಲಿ ಸೇರಿದ ಸಭೆ ಸುನ್ನತಿ ಬೇಡವೆಂದಿತು. ಆದರೆ ವಿಗ್ರಹಕ್ಕಿಟ್ಟದ್ದು, ರಕ್ತ, ಕತ್ತು ಹಿಸುಕಿ ಕೊಂದದ್ದು, ವ್ಯಭಿಚಾರ ಇವು ಬೇಡವೆಂದು ಪಟ್ಟಿಯನ್ನೂ ಕೊಟ್ಟಿತೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಅಂತಿಯೋಕ್ಯದಲ್ಲಿ ಪೇತ್ರನು ಪಂಕ್ತಿಯಿಂದ ಎದ್ದುಹೋದಾಗ ಪೌಲ ಅವನನ್ನು ಎದುರಿಗೇ ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೂ ರೋಮಾಪುರದವರಿಗೂ ಪೌಲ ಬರೆದ ಪತ್ರಗಳ ತಿರುಳು, ಮನುಷ್ಯ ನೀತಿವಂತನೆನಿಸಿಕೊಳ್ಳುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂಬುದು. ಅದೇ ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರ ಕ್ರಿಯೆಯಿಲ್ಲದ ನಂಬಿಕೆಯನ್ನು ಹೆಣಕ್ಕೆ ಸಮ ಮಾಡುತ್ತದೆ. ಎರಡೂ ಒಂದೇ ಹೊದಿಕೆಯೊಳಗೆ ಉಳಿದವು. ಮುಂದಿನ ಜಗಳಗಳಿಗೆಲ್ಲ ಮದ್ದುಗುಂಡು ಅಲ್ಲೇ ಇತ್ತು.

ಐದನೇ ಶತಮಾನದ ಆದಿಯಲ್ಲಿ ಬ್ರಿಟನ್ನಿನ ಸನ್ಯಾಸಿ ಪೆಲೇಜಿಯಸ್ ನೇರವಾಗಿ ಕೇಳಿದ: ದೇವರು ಮಾಡೆಂದು ಹೇಳಿದ್ದನ್ನು ಮನುಷ್ಯನಿಂದ ಮಾಡಲಾಗದಿದ್ದರೆ ಹೇಳಿದ್ದೇಕೆ? ಉತ್ತರ ಆಫ್ರಿಕದ ಅಗಸ್ಟೀನ್ ಒಪ್ಪಲಿಲ್ಲ. ಮನುಷ್ಯನ ಸಂಕಲ್ಪವೇ ಕೆಟ್ಟಿರುವಾಗ ಒಳ್ಳೆಯದನ್ನು ಬಯಸುವುದಕ್ಕೂ ಮೊದಲು ಕೃಪೆ ಬೇಕು ಎಂಬುದು ಅವನ ಪಟ್ಟು. 418ರ ಕಾರ್ಥೇಜ್ ಸಭೆ ಪೆಲೇಜಿಯಸ್ಸನ ಮತವನ್ನು ತಳ್ಳಿಹಾಕಿತು. 529ರ ಆರೆಂಜ್ ಸಭೆ ಅಗಸ್ಟೀನನ ಪರವಾಗಿ ನಿಂತರೂ, ಕೆಲವರನ್ನು ದೇವರೇ ಕೇಡಿಗೆ ಗೊತ್ತುಮಾಡಿಟ್ಟಿದ್ದಾನೆ ಎಂಬ ತುದಿಯ ಮಾತನ್ನು ಒಪ್ಪಲಿಲ್ಲ.

ಸಾವಿರ ವರ್ಷದ ಮೇಲೆ ಲೂಥರ್ ಬಂದ. 1517ರ ಗಲಾಟೆ ಪಾಪಕ್ಷಮೆಯ ಚೀಟಿಗಳ ಮಾರಾಟದ ಮೇಲೆ ಶುರುವಾದರೂ ಒಳಗಿನ ಬೆಂಕಿ ಗಲಾತ್ಯ ಪತ್ರದ್ದೇ. ಅವನ ಪ್ರಕಾರ ಧರ್ಮಶಾಸ್ತ್ರದ ಕೆಲಸ ಪಾಪಿಗೆ ತನ್ನ ಪಾಪವನ್ನು ತೋರಿಸಿ ಕಂಗೆಡಿಸುವುದು. ಉದ್ಧಾರ ಮಾಡುವುದು ಕೃಪೆ ಮಾತ್ರ. ಈ ಮಾತನ್ನು ಅವನ ಶಿಷ್ಯ ಅಗ್ರಿಕೋಲ ಇನ್ನೊಂದು ಹೆಜ್ಜೆ ಮುಂದೆ ಒಯ್ದು, ಕ್ರೈಸ್ತರಿಗೆ ಧರ್ಮಶಾಸ್ತ್ರದ ಬೋಧನೆಯೇ ಬೇಡವೆಂದಾಗ ಗಾಬರಿಯಾದವನೂ ಲೂಥರನೇ. 1530ರ ದಶಕದ ಕೊನೆಯಲ್ಲಿ ಅವನು ಶಿಷ್ಯನ ವಿರುದ್ಧ ಸರಣಿ ವಾದಗಳನ್ನೇ ನಡೆಸಬೇಕಾಯಿತು. ಅದಕ್ಕೂ ಮೊದಲೇ, 1529ರಲ್ಲಿ, ಮನೆಮಕ್ಕಳಿಗೆಂದು ಅವನು ಬರೆದ ಕಿರು ಪ್ರಶ್ನೋತ್ತರ ಪುಸ್ತಿಕೆ ತೆರೆಯುವುದು ಹತ್ತು ಆಜ್ಞೆಗಳಿಂದ.

ಜಿನೀವದ ಕ್ಯಾಲ್ವಿನ್ ಆಜ್ಞೆಗೆ ಇನ್ನೊಂದು ಜಾಗ ಹುಡುಕಿದ. ಅದು ಪಾಪವನ್ನು ತೋರಿಸುತ್ತದೆ, ಸಮಾಜದ ಕೆಡುಕನ್ನು ತಡೆಯುತ್ತದೆ, ಇವೆರಡಕ್ಕಿಂತ ಹೆಚ್ಚಾಗಿ, ಕೃಪೆ ಪಡೆದವನಿಗೆ ಬದುಕುವ ದಾರಿ ತೋರಿಸುತ್ತದೆ. ಮೂರನೆಯದೇ ಮುಖ್ಯ ಎಂದ. ಕೆಥೊಲಿಕರು ಟ್ರೆಂಟ್ ಸಭೆಯ 1547ರ ಜನವರಿಯ ಅಧಿವೇಶನದಲ್ಲಿ ತಮ್ಮ ಉತ್ತರ ಬರೆದರು: ಆರಂಭವೆಲ್ಲ ಕೃಪೆಯದೇ, ಆದರೆ ಮನುಷ್ಯ ಅದಕ್ಕೆ ಒಪ್ಪಿ ಸಹಕರಿಸುತ್ತಾನೆ, ಪ್ರೀತಿಯ ಕ್ರಿಯೆಗಳಿಂದ ಅದರಲ್ಲಿ ಬೆಳೆಯುತ್ತಾನೆ. ಸಹಕಾರ ಎಷ್ಟು, ಕೃಪೆ ಎಷ್ಟು ಎಂದು ಡೊಮಿನಿಕನ್ನರೂ ಜೆಸ್ಯೂಟರೂ ಕಾದಾಡಿದಾಗ, 1607ರಲ್ಲಿ ಐದನೇ ಪೌಲ್ ಪೋಪರು ತೀರ್ಪನ್ನೇ ಕೊಡದೆ ಪರಸ್ಪರ ಬೈದುಕೊಳ್ಳಬೇಡಿ ಎಂದು ಕೈತೊಳೆದುಕೊಂಡರು. ಈ ಚರಿತ್ರೆಯಲ್ಲಿ ಅಪರೂಪದ ವಿವೇಕ ಕಂಡ ಗಳಿಗೆ ಅದು.

ಇಪ್ಪತ್ತನೇ ಶತಮಾನದ ತಿರುವು ಬೇರೆಯದೇ ಕಡೆಯಿಂದ ಬಂತು. 1977ರಲ್ಲಿ ಇ.ಪಿ. ಸ್ಯಾಂಡರ್ಸ್ ಪೌಲನ ಕಾಲದ ಯೆಹೂದ್ಯ ಗ್ರಂಥಗಳನ್ನು ಓದಿ, ಅವರು ಪುಣ್ಯ ಸಂಪಾದಿಸಿ ಸ್ವರ್ಗ ಕೊಳ್ಳಹೊರಟ ಲೆಕ್ಕಿಗರಾಗಿರಲಿಲ್ಲ ಎಂದು ತೋರಿಸಿದರು. ಒಡಂಬಡಿಕೆ ಕೃಪೆಯಿಂದ ಬಂದದ್ದು, ಆಜ್ಞಾಪಾಲನೆ ಅದರೊಳಗೆ ಉಳಿಯುವ ಬಗೆ. ಹಾಗಿದ್ದರೆ ಪೌಲ ಏನನ್ನು ಎದುರಿಸಿದ? ಜೇಮ್ಸ್ ಡನ್ ಹೇಳಿದ್ದು: ಸುನ್ನತಿ, ಊಟ, ಸಬ್ಬತ್ ಇವು ‘ನಾವು–ಅವರು’ ಎಂಬ ಗಡಿಗಲ್ಲುಗಳು, ಪೌಲನ ಸಿಟ್ಟು ಆ ಗಡಿಯ ಮೇಲೆ. ಪಂಕ್ತಿಭೇದ ಕಂಡು ಬೆಳೆದ ನಮ್ಮವರಿಗೆ ಈ ವಾದ ಅರ್ಥವಾಗಲು ಟಿಪ್ಪಣಿ ಬೇಕಿಲ್ಲ.

ಮೈಸೂರು ಸೀಮೆಗೆ ಬಂದಾಗ

1649ರಲ್ಲಿ ಇಟಲಿಯ ಜೆಸ್ಯೂಟ್ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮಿಷನ್ ಆರಂಭಿಸಿದಾಗ ಜೆರೂಸಲೇಮಿನ ಹಳೆಯ ಪ್ರಶ್ನೆ ವೇಷ ಬದಲಿಸಿ ಬಂದಿತ್ತು. ಕ್ರೈಸ್ತನಾದವನು ಜುಟ್ಟು ಬಿಡಬೇಕೆ, ಗಂಧ ಇಡಬಹುದೆ, ಜಾತಿಯ ಆಚಾರ ಎಷ್ಟು ಉಳಿಸಿಕೊಳ್ಳಬಹುದು? ದಕ್ಷಿಣದ ಜೆಸ್ಯೂಟರು ಕಾವಿ ಉಟ್ಟು ಮಾಂಸ ಬಿಟ್ಟರು. ಇವೆಲ್ಲ ಲೋಕಾಚಾರ, ದೇವರ ಆಜ್ಞೆಗೆ ಅಡ್ಡಿಯಿಲ್ಲ ಎಂದು ವಾದಿಸಿದರು. 1704ರಲ್ಲಿ ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ಟೂರ್ನೊನ್ ಇದನ್ನು ಒಪ್ಪದೆ ಆದೇಶ ಹೊರಡಿಸಿದ. ಪಿಳ್ಳೆಯಾರ್ (ಗಣಪತಿ) ಗುರುತಿನ ತಾಳಿ ಕೂಡದು; ಹುಡುಗಿ ಮೈನೆರೆದದ್ದನ್ನು ಹಬ್ಬ ಮಾಡಕೂಡದು; ಕಾಯಿಲೆ ಬಿದ್ದ ಹೊಲೆಯರ ಮನೆಗೂ ಪಾದ್ರಿ ಹೋಗಲೇಬೇಕು. ಹದಿನಾಲ್ಕನೇ ಬೆನೆಡಿಕ್ಟ್ 1744ರಲ್ಲಿ ಈ ವ್ಯಾಜ್ಯಕ್ಕೆ ಅಂತಿಮ ಮುದ್ರೆ ಒತ್ತಿದರು. ಗಮನಿಸಬೇಕಾದದ್ದು ಇಲ್ಲಿ ಅದಲುಬದಲಾದ ಪಾತ್ರಗಳನ್ನು. ಜಾತಿಯ ಕಟ್ಟಳೆಯನ್ನು ಸಹಿಸಿದವರು ಉದಾರಿಗಳು ಎನಿಸಿಕೊಂಡವರು. ಕೊನೆಯ ಮನೆಯ ಹೊಸ್ತಿಲನ್ನು ದಾಟಿಸಹೊರಟದ್ದು ರೋಮಿನ ಕಟ್ಟುನಿಟ್ಟಿನ ಕಾನೂನು.

1799ರ ನಂತರ ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದುಬೊವಾ ನಿರಾಶೆಯಲ್ಲೇ ಫ್ರಾನ್ಸಿಗೆ ಮರಳಿದರು. 1823ರಲ್ಲಿ ಪ್ರಕಟವಾದ ಅವರ ಪತ್ರಗಳ ಸಾರ: ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು, ಏನಾದರೂ ಆದರೆ ಮೆರವಣಿಗೆ, ದೀಪ, ಪೂಜೆಯ ಕೆಥೊಲಿಕ್ ಪಂಥದಿಂದ ಆದೀತೇ ಹೊರತು ಪ್ರಾಟೆಸ್ಟೆಂಟರ ಸಪ್ಪೆ ಪ್ರಾರ್ಥನೆಯಿಂದಲ್ಲ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬೆಂಗಳೂರಿಗೂ, ಮುಂದೆ ಗುಬ್ಬಿ, ಮೈಸೂರುಗಳಿಗೂ ವೆಸ್ಲಿಯನ್ನರು ಬಂದರು. ಅವರ ಮೂಲಪುರುಷ ಜಾನ್ ವೆಸ್ಲಿ ಕೃಪೆ ಎಲ್ಲರಿಗೂ ಮುಂಚಿತವಾಗಿಯೇ ಒದಗಿರುತ್ತದೆ ಎಂದವನು. ಕೆಲವರು ಮಾತ್ರ ಆಯ್ದವರು ಎಂಬ ಕ್ಯಾಲ್ವಿನ್ ಪಕ್ಷದ ಗೆಳೆಯ ವೈಟ್‌ಫೀಲ್ಡ್ ಜೊತೆ ಮುರಿದುಕೊಂಡವನು. ಇಷ್ಟು ಧಾರಾಳವಾಗಿ ಕೃಪೆ ಹಂಚಿದ ಮನುಷ್ಯನೇ 1743ರಲ್ಲಿ ತನ್ನ ಸಂಘಗಳಿಗೆ ಸಾಮಾನ್ಯ ನಿಯಮಗಳನ್ನು ಬರೆದ. ಕುಡಿತ, ಭಾನುವಾರದ ವ್ಯಾಪಾರ, ಬಡ್ಡಿ, ಒಡವೆ ಎಲ್ಲಕ್ಕೂ ಅದರಲ್ಲಿ ಲಗಾಮಿದೆ. ವಾರಕ್ಕೊಮ್ಮೆ ಸಣ್ಣ ಗುಂಪಿನಲ್ಲಿ ಕೂತು ಆತ್ಮದ ಲೆಕ್ಕ ಒಪ್ಪಿಸಬೇಕಿತ್ತು. ಮೈಸೂರಿಗೆ ಬಂದ ಮೆಥೊಡಿಸ್ಟರು ಹೊತ್ತು ತಂದದ್ದು ಈ ಜೋಡಿಯನ್ನು.

ಮಂಗಳೂರಿನ ಬಾಸೆಲ್ ಮಿಷನ್ನಿನದೂ ಹೀಗೆಯೇ. ಕೃಪೆಯ ಉಪದೇಶ ಒಂದು ಕಡೆ, ಸಭೆಯ ಕಟ್ಟುನಿಟ್ಟಿನ ಶಿಸ್ತು ಇನ್ನೊಂದು ಕಡೆ. ಆದರೂ ಅವರಲ್ಲೊಬ್ಬ ಹರ್ಮನ್ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮತಾಂತರಿಸಲು ಬಂದವರು ಇಲ್ಲಿಯ ಕೃಪೆಯ ಹಾಡುಗಳಿಗೆ ಕಿವಿಗೊಟ್ಟರು ಎಂಬುದು ಕನ್ನಡದ ಪುಣ್ಯ.

ಬೆಕ್ಕಿನ ಮರಿ, ಮಂಗನ ಮರಿ

ಕ್ರೈಸ್ತರ ವಾದಕ್ಕೆ ಅತ್ಯಂತ ಹತ್ತಿರದ ಜೋಡಿಯನ್ನು ಹುಡುಕಿದರೆ ಸಿಗುವುದು ಶ್ರೀವೈಷ್ಣವರಲ್ಲಿ. ಎರಡೂ ಕಡೆ ಬೆಂಕಿ ಹತ್ತಿದ್ದು ಶರಣಾದವನ ಮುಂದಿನ ಬದುಕಿನ ಮೇಲೆ. ಗೀತೆಯ ಹದಿನೆಂಟನೇ ಅಧ್ಯಾಯದ 66ನೇ ಶ್ಲೋಕದಲ್ಲಿ ಕೃಷ್ಣ ಎಲ್ಲ ಧರ್ಮಗಳನ್ನೂ ಬಿಟ್ಟು ತನ್ನೊಬ್ಬನಿಗೆ ಶರಣಾಗು ಎನ್ನುತ್ತಾನೆ. ಬಿಡುವುದೆಂದರೆ ಎಷ್ಟು ಬಿಡುವುದು?

ತಮಿಳುನಾಡಿನ ಶ್ರೀರಂಗದ ಮೇಲೆ 1323ರ ಸುಮಾರಿಗೆ ದೆಹಲಿಯ ಸೇನೆ ಬಿದ್ದಾಗ ಇಬ್ಬರು ಆಚಾರ್ಯರು ಊರು ಬಿಟ್ಟರೆಂದು ಸಂಪ್ರದಾಯ ನೆನೆಯುತ್ತದೆ. ಪಿಳ್ಳೈ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಕರೆದುಕೊಂಡು ಮದುರೆಯ ಕಡೆ ಹೊರಟು ದಾರಿಯಲ್ಲೇ ತೀರಿಕೊಂಡರು. ವೇದಾಂತ ದೇಶಿಕರು ರಾಮಾನುಜರ ಶ್ರೀಭಾಷ್ಯದ ವ್ಯಾಖ್ಯಾನವಾದ ಶ್ರುತಪ್ರಕಾಶಿಕೆಯ ತಾಳೆಗರಿಗಳನ್ನು ಕಾಪಾಡಿಕೊಂಡು ಮೈಸೂರು ಸೀಮೆಯ ಸತ್ಯೇಗಾಲಕ್ಕೆ ಬಂದು ನೆಲೆಸಿದರು. ಕಾವೇರಿಯ ಹರಿವಿನಲ್ಲಿ ತಲಕಾಡು ದಾಟಿದರೆ ಸತ್ಯೇಗಾಲ ದೂರವಿಲ್ಲ. ಒಬ್ಬರು ದೇವರನ್ನು ಉಳಿಸಿದರು, ಇನ್ನೊಬ್ಬರು ಗ್ರಂಥವನ್ನು. ಮುಂದೆ ತೆಂಗಲೆ ಮತ್ತು ವಡಗಲೆಗಳಾಗಿ ಗಟ್ಟಿಯಾದ ಎರಡು ಪಕ್ಷಗಳು ಅನುಕ್ರಮವಾಗಿ ಇವರಿಬ್ಬರ ಬರಹಗಳನ್ನೇ ತಳಹದಿ ಮಾಡಿಕೊಂಡವು. ಕತೆಗಾರ ಕಟ್ಟಿದ್ದರೂ ಇದಕ್ಕಿಂತ ಒಪ್ಪವಾಗಿ ಕಟ್ಟಲಾರ.

ತೆಂಗಲೆಯವರ ಮಾರ್ಜಾರ ನ್ಯಾಯದಲ್ಲಿ ಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಒಯ್ಯುತ್ತದೆ, ಮರಿ ಸುಮ್ಮನಿದ್ದರೆ ಸಾಕು. ಶರಣಾಗತಿಯೂ ಒಂದು ಸಾಧನವೆಂದುಕೊಂಡರೆ ಅದು ಅಹಂಕಾರವಾದೀತು. ಭಗವಂತನ ವಾತ್ಸಲ್ಯಕ್ಕೆ ಭಕ್ತನ ದೋಷವೂ ಪ್ರಿಯವೇ. ವಡಗಲೆಯವರ ಮರ್ಕಟ ನ್ಯಾಯದಲ್ಲಿ ಮರಿ ತಾಯಿಯ ಹೊಟ್ಟೆಯನ್ನು ಅವಚಿಕೊಳ್ಳಬೇಕು. ಹೊರುವುದು ತಾಯಿಯೇ, ಆದರೆ ಹಿಡಿತ ಮರಿಯದು. ದೇಶಿಕರು ಇದಕ್ಕೆ ವ್ಯಾಜ ಎನ್ನುತ್ತಾರೆ. ದೇವರಿಗೆ ಒಂದು ನೆಪವಾದರೂ ಬೇಕು, ಇಲ್ಲದಿದ್ದರೆ ಒಬ್ಬನಿಗೆ ಒಲಿದು ಇನ್ನೊಬ್ಬನನ್ನು ಬಿಟ್ಟದ್ದು ಪಕ್ಷಪಾತವಾಗುತ್ತದೆ. ಟ್ರೆಂಟ್ ಸಭೆಯ ಪಾದ್ರಿಗಳಿಗೆ ಈ ಮಾತು ಬಹಳ ಹಿಡಿಸುತ್ತಿತ್ತು.

ಶರಣಾದ ಮೇಲೆ ನಿತ್ಯಕರ್ಮದ ಗತಿಯೇನು? ಎರಡೂ ಪಕ್ಷ ಬಿಡು ಎನ್ನಲಿಲ್ಲ. ದೇಶಿಕರ ಪ್ರಕಾರ ಅದು ಮೋಕ್ಷದ ದಾರಿಯಲ್ಲ, ಸ್ವಾಮಿಯ ಆಜ್ಞೆ, ಬಿಟ್ಟರೆ ಅಪಚಾರ. ಬೇಕೆಂದೇ ತಪ್ಪಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು, ಇಲ್ಲವೇ ಹಗುರವಾದ ಶಿಕ್ಷೆ ಉಣ್ಣಬೇಕು. ತೆಂಗಲೆಯವರಿಗೆ ಶರಣಾಗತಿಯೇ ಸಕಲ ಪ್ರಾಯಶ್ಚಿತ್ತ. ಮೇಲುಕೋಟೆಯ ಯತಿರಾಜ ಮಠ ತೆಂಗಲೆ, ಮೈಸೂರಿನ ಪರಕಾಲ ಮಠ ವಡಗಲೆ. ಹಾಗಾಗಿ ಈ ವಾದ ಕನ್ನಡನಾಡಿನ ಒಳಗಿನದೇ. ಕಾಂಚೀಪುರದಲ್ಲಂತೂ ಪಾರಾಯಣದ ಹಕ್ಕಿಗಾಗಿ ಎರಡೂ ಪಂಗಡಗಳು ಕೋರ್ಟಿನ ಮೆಟ್ಟಿಲು ಹತ್ತಿದವು. ಬೆಕ್ಕಿನ ಮರಿಯೂ ವಕೀಲರನ್ನು ಹಿಡಿಯಬೇಕಾಯಿತು.

ಸೋಸಲೆಯ ತಾರತಮ್ಯ

ಸೋಸಲೆ ಮಠದ ಹೆಸರಿಗೆ ಮೂಲವಾದ ವ್ಯಾಸತೀರ್ಥರು ಹುಟ್ಟಿದ್ದು ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ, ಹದಿನೈದನೇ ಶತಮಾನದ ಉತ್ತರಾರ್ಧದಲ್ಲಿ. ಅವರು 1539ರಲ್ಲಿ ತೀರಿಕೊಂಡರು, ಆನೆಗೊಂದಿಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ‘ನ್ಯಾಯಾಮೃತ’ದಂಥ ಕಬ್ಬಿಣದ ಕಡಲೆ ಬರೆದ ಪಂಡಿತರೇ ‘ಸಿರಿಕೃಷ್ಣ’ ಅಂಕಿತದಲ್ಲಿ ಕನ್ನಡ ಹಾಡು ಕಟ್ಟಿದರು, ಪುರಂದರದಾಸರಿಗೂ ಕನಕದಾಸರಿಗೂ ಗುರುವಾದರು. ಲೂಥರ್ ವಿಟೆನ್‌ಬರ್ಗಿನಲ್ಲಿ ವಾದ ಹೂಡಿದಾಗ ವ್ಯಾಸತೀರ್ಥರು ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿದ್ದರು.

ಮಾಧ್ವ ಸಿದ್ಧಾಂತದಲ್ಲಿ ವಿಷ್ಣುವಿನ ಪ್ರಸಾದವಿಲ್ಲದೆ ಮೋಕ್ಷವಿಲ್ಲ. ಜ್ಞಾನ, ಭಕ್ತಿ ಎಲ್ಲ ಕೂಡಿದರೂ ಬಂಧ ಬಿಡಿಸುವುದು ಅವನ ಅನುಗ್ರಹವೇ. ಆದರೆ ಅನುಗ್ರಹ ಮಳೆಯಂತೆ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಜೀವಗಳಲ್ಲಿ ಸ್ವರೂಪದಲ್ಲೇ ತಾರತಮ್ಯವಿದೆ. ಕೆಲವರು ಮುಕ್ತಿಗೆ ಯೋಗ್ಯರು, ಕೆಲವರು ಎಂದೆಂದಿಗೂ ಸಂಸಾರಿಗಳು, ಕೆಲವರು ತಮಸ್ಸಿಗೇ ಯೋಗ್ಯರು. ಓದಿದ ಪಾಶ್ಚಾತ್ಯರಿಗೆಲ್ಲ ಕ್ಯಾಲ್ವಿನ್ ನೆನಪಾದದ್ದು ಸಹಜ. ವ್ಯತ್ಯಾಸವೂ ದೊಡ್ಡದು: ಕ್ಯಾಲ್ವಿನ್ನನ ದೇವರು ಆರಿಸುವುದು ತನ್ನ ಇಚ್ಛೆಯಿಂದ, ಮಧ್ವರ ಹರಿ ಅನುಗ್ರಹಿಸುವುದು ಜೀವದ ಅನಾದಿ ಯೋಗ್ಯತೆಯನ್ನು ಅನುಸರಿಸಿ. ಹೀಗಾಗಿ ದೇವರ ಮೇಲೆ ಪಕ್ಷಪಾತದ ಆರೋಪ ನಿಲ್ಲುವುದಿಲ್ಲ ಎಂಬುದು ಮಾಧ್ವರ ಸಮಾಧಾನ. ತಮೋಯೋಗ್ಯನಿಗೆ ಇದರಿಂದ ಏನು ಸಮಾಧಾನ ಎಂದು ಕೇಳುವವರಿಗೆ ಸಿದ್ಧಾಂತದಲ್ಲಿ ಮೆದುವಾದ ಉತ್ತರವಿಲ್ಲ.

ಪ್ರಸಾದವನ್ನು ಇಷ್ಟು ಎತ್ತರಕ್ಕಿಟ್ಟ ಮಧ್ವಾಚಾರ್ಯರೇ ‘ಸದಾಚಾರಸ್ಮೃತಿ’ ಬರೆದು ಬೆಳಗಿನಿಂದ ರಾತ್ರಿಯವರೆಗಿನ ನಡವಳಿಕೆಯನ್ನು ಗೊತ್ತುಮಾಡಿದರು. ಏಕಾದಶಿಯ ನಿರ್ಜಲ ಉಪವಾಸದಲ್ಲಿ ಮಾಧ್ವರಷ್ಟು ಬಿಗಿ ಬೇರೆಯವರಲ್ಲಿ ಕಡಿಮೆ. ದಾಸರ ಹಾಡು ಬಂದಾಗ ಮಾತ್ರ ಒಳಗಿನ ಮಡಿ ಬಾಹ್ಯದ ಮಡಿಯನ್ನು ಪ್ರಶ್ನಿಸತೊಡಗುತ್ತದೆ. ಕುರುಬರ ಕನಕನನ್ನು ಶಿಷ್ಯನಾಗಿ ಒಪ್ಪಿದ್ದಕ್ಕೆ ಮಠದ ಪಂಡಿತರು ಮುಖ ಸಿಂಡರಿಸಿದ ಕತೆಗಳು ಜನರ ಬಾಯಲ್ಲಿ ಇಂದಿಗೂ ಉಳಿದಿವೆ.

ಜಾರ್ಜ್ ಗ್ರಿಯರ್ಸನ್ ಇಪ್ಪತ್ತನೇ ಶತಮಾನದ ಆದಿಯಲ್ಲಿ, ಮಧ್ವರ ಮೇಲೆ ಕರಾವಳಿಯ ಪ್ರಾಚೀನ ಕ್ರೈಸ್ತರ ಪ್ರಭಾವ ಇದ್ದಿರಬೇಕೆಂದು ಸೂಚಿಸಿದ್ದರು. ಬಿ.ಎನ್.ಕೆ. ಶರ್ಮ ಮೊದಲಾದವರು ಇದನ್ನು ಬಲವಾಗಿ ಅಲ್ಲಗಳೆದರು. ಅಲ್ಲಗಳೆದವರದೇ ಸರಿ ಎನಿಸುತ್ತದೆ. ಅನುಗ್ರಹದ ಮಾತು ಉಪನಿಷತ್ತಿನಲ್ಲೇ ಇರುವಾಗ ಅದಕ್ಕೆ ಕರಾವಳಿಯ ಕಲ್ಯಾಣಪುರದ ಕಡೆಯಿಂದ ಹಡಗು ಬರಬೇಕಿಲ್ಲ.

ಸುತ್ತೂರಿನ ದಾರಿ

ತಲಕಾಡಿನ ಗಂಗರು ಆಶ್ರಯ ಕೊಟ್ಟ ಜೈನರದು ಈ ಸೀಮೆಯಲ್ಲಿ ಎಲ್ಲಕ್ಕಿಂತ ಸರಳ ಉತ್ತರ: ಕೃಪೆ ಮಾಡುವ ದೇವರೇ ಇಲ್ಲ, ಕಟ್ಟಿಕೊಂಡ ಕರ್ಮವನ್ನು ತಾನೇ ಕಳೆಯಬೇಕು. ಶರಣರು ಕನ್ನಡದಲ್ಲಿ ಬೇರೆ ಮಾತು ಆರಂಭಿಸಿದರು.

ಹನ್ನೆರಡನೇ ಶತಮಾನದ ಶರಣರು ಯಜ್ಞ, ವ್ರತ, ತೀರ್ಥ, ಪಂಚಾಂಗ, ಸೂತಕಗಳನ್ನು ಒದ್ದರು. ಗುರುವಿನ ಕಾರುಣ್ಯದಿಂದ ಲಿಂಗ ಅಂಗೈಗೆ ಬಂದ ಮೇಲೆ ಅವೆಲ್ಲ ಯಾಕೆ? ಷಟ್‌ಸ್ಥಲದಲ್ಲಿ ಪ್ರಸಾದಿ ಎಂಬುದೇ ಒಂದು ಮೆಟ್ಟಿಲು. ಬಂದದ್ದೆಲ್ಲ ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದದ್ದು, ಉಣ್ಣುವ ಅನ್ನವೂ ಸಂಪಾದನೆಯಲ್ಲ, ಪ್ರಸಾದ. ಹಾಗಿದ್ದರೂ ಅದೇ ಪರಂಪರೆ ಅಷ್ಟಾವರಣ, ಪಂಚಾಚಾರಗಳನ್ನು ರೂಪಿಸಿಕೊಂಡಿತು. ಲಿಂಗಾಚಾರ, ಸದಾಚಾರ ಎಂದು ಆಚಾರಕ್ಕೆ ಹೆಸರು, ಸಂಖ್ಯೆ ಎಲ್ಲ ಬಂತು.

ಇದರ ನಡುವೆ ನುಲಿಯ ಚಂದಯ್ಯನ ಪ್ರಸಂಗವೊಂದಿದೆ, ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹಗ್ಗ ಹೊಸೆಯುವ ಚಂದಯ್ಯ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತು. ಅವನು ತಿರುಗಿ ನೋಡದೆ ಕಾಯಕ ಮುಂದುವರಿಸಿದ. ಲಿಂಗವೇ ಬೆನ್ನು ಹತ್ತಿ ಬಂತು. ಮಡಿವಾಳ ಮಾಚಯ್ಯ ನಡುವೆ ಬಂದು, ಲಿಂಗವೂ ಹಗ್ಗ ಮಾರುವ ಕಾಯಕ ಮಾಡಬೇಕೆಂಬ ಷರತ್ತಿನ ಮೇಲೆ ರಾಜಿ ಮಾಡಿಸಿದ. ಕೃಪೆಗೂ ಕಟ್ಟಳೆಗೂ ಸಂಬಂಧ ಹುಡುಕುವವರಿಗೆ ಇದೊಂದು ಬೆರಗು. ಉಳಿದ ಪಂಥಗಳಲ್ಲಿ ದೇವರು ಕಟ್ಟಳೆ ಹಾಕುವವನು, ಇಲ್ಲಿ ಕಟ್ಟಳೆಗೆ ಅವನೂ ಒಳಪಟ್ಟವನು. ಯೂರೋಪಿನಲ್ಲಿ ಲೂಥರನಿಗಿಂತ ಸ್ವಲ್ಪ ಮುಂಚೆ ಗೇಬ್ರಿಯಲ್ ಬೀಲ್‌ನಂಥವರು ದೇವರು ತಾನೇ ಮಾಡಿಕೊಂಡ ಒಪ್ಪಂದಕ್ಕೆ ತಾನೇ ಕಟ್ಟುಬಿದ್ದಿದ್ದಾನೆ ಎಂದದ್ದುಂಟು. ಆದರೆ ದೇವರನ್ನು ಹಗ್ಗ ಮಾರಲು ಕಳಿಸುವ ಧೈರ್ಯ ಅವರಿಗಿರಲಿಲ್ಲ.

ಕಪಿಲೆಯ ದಡದ ಸುತ್ತೂರು ಮಠ ಈ ಎರಡು ಎಳೆಗಳನ್ನು ದಾಸೋಹದಲ್ಲಿ ಹೆಣೆದಿದೆ. ಊಟ ಯಾರಿಗೂ ಇಲ್ಲವೆನ್ನುವಂತಿಲ್ಲ, ಹಾಗೆ ಹಾಕುವುದೇ ಮಠದ ಆಚಾರ. ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ಹಲವು ಜಾತಿ ಮತಗಳ ಜೋಡಿಗಳು ಮದುವೆಯಾಗುತ್ತಾರೆ.

ಕಟ್ಟಳೆ ಯಾರ ಮೇಲೆ?

ಇಲ್ಲಿಯವರೆಗಿನ ವಾದವೆಲ್ಲ ಒಳಗಿದ್ದವರದು. ಹೊಸ್ತಿಲಾಚೆ ನಿಲ್ಲಿಸಿಕೊಂಡವರಿಗೆ ಕೃಪೆ–ಕಟ್ಟಳೆಯ ಪ್ರಶ್ನೆ ಬೇರೆಯಾಗಿ ಕಾಣುತ್ತದೆ. ರಾಮಾನುಜರು ಮೇಲುಕೋಟೆಯಲ್ಲಿ ಅಸ್ಪೃಶ್ಯರಿಗೆ ತಿರುಕುಲದವರೆಂಬ ಗೌರವ ಕೊಟ್ಟು ಉತ್ಸವದ ಗೊತ್ತಾದ ದಿನಗಳಲ್ಲಿ ಗುಡಿಯ ಪ್ರವೇಶ ಕೊಟ್ಟರೆಂಬುದು ಸಂಪ್ರದಾಯದ ಹೆಮ್ಮೆ. ಹೆಮ್ಮೆಯೊಳಗೇ ಅದರ ಮಿತಿಯೂ ಇದೆ: ಕೃಪೆಗೂ ಕ್ಯಾಲೆಂಡರ್.

ನಂಜನಗೂಡು ತಾಲ್ಲೂಕಿನ ಬದನವಾಳು ಗಾಂಧೀಜಿ ಭೇಟಿ ಕೊಟ್ಟ ಖಾದಿ ಕೇಂದ್ರದಿಂದ ಹೆಸರಾದ ಊರು. ಅಲ್ಲಿಯ ಸಿದ್ಧೇಶ್ವರ ದೇವಾಲಯದ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಜಾತಿ ಕೇಳದ ಶಿವನ ಹೆಸರಿನ ಗುಡಿ, ಜಾತಿ ಮುರಿದ ಶರಣರ ಹೆಸರು ಹೇಳುವ ಸೀಮೆ. ಡನ್ ಗಡಿಗಲ್ಲು ಎಂದದ್ದು ಇಲ್ಲಿ ಬರಿಯ ರೂಪಕವಾಗಿ ಉಳಿಯಲಿಲ್ಲ.

ಕ್ರೈಸ್ತರೂ ಇದರಿಂದ ತಪ್ಪಿಸಿಕೊಂಡವರಲ್ಲ. ದಕ್ಷಿಣದ ಹಲವು ಚರ್ಚುಗಳಲ್ಲಿ ಕೂರುವ ಜಾಗ, ಹೂಳುವ ಜಾಗ ಬೇರೆಯಾಗಿತ್ತು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರ ಮೊಳೆಯಿತು. ಇದರ ವಾದದಲ್ಲಿ ಮುಖ್ಯವಾದದ್ದು ಪಾಪಿಯ ಕಳವಳವಲ್ಲ, ಪಾಪಕ್ಕೆ ಗುರಿಯಾದವನ ನೋವು. ಕೃಪೆಯೆಂದರೆ ತಪ್ಪಿತಸ್ಥನಿಗೆ ಕ್ಷಮೆ ಎಂದಷ್ಟೇ ಹೇಳಿ ನ್ಯಾಯದ ಆಜ್ಞೆಯನ್ನು ಮರೆತರೆ ತುಳಿದವನಿಗೇ ಲಾಭ. ಡೀಟ್ರಿಕ್ ಬಾನ್‌ಹಾಫರ್ 1937ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ, ಅಗ್ಗದ ಕೃಪೆ ಎಂದು ಹಳಿದದ್ದೂ ಇದನ್ನೇ.

ಇನ್ನೊಂದು ತೊಡಕು ಸರ್ಕಾರದ ಕಾನೂನಿನದು. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಅನ್ವಯಿಸಿತು. ಕ್ರೈ‌ಸ್ತನಾದ ದಲಿತ ಹೊರಗುಳಿದ. ಕ್ರಿಸ್ತನಲ್ಲಿ ಜಾತಿಯಿಲ್ಲ ಎಂಬ ಬೋಧನೆಯನ್ನು ಕಾನೂನು ಅಕ್ಷರಶಃ ನಂಬಿತು; ಊರು ನಂಬಲಿಲ್ಲ.

ಇನ್ನೂ ಇತ್ಯರ್ಥವಾಗದ್ದು

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕೆಥೊಲಿಕರೂ ಲೂಥರನ್ನರೂ ಕೃಪೆಯ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ಸಭೆಗಳು ಸೇರಿಕೊಂಡವು. ಹಳೆಯ ಶಾಪಗಳು ಇಂದಿನ ಬೋಧನೆಗೆ ತಾಗುವುದಿಲ್ಲ ಎಂದು ಒಪ್ಪಿಕೊಂಡರೂ, ಕೃಪೆ ಪಡೆದವನು ಒಳಗೆ ಪಾಪಿಯಾಗಿಯೇ ಉಳಿಯುತ್ತಾನೆಯೇ ಎಂಬಲ್ಲಿ ಎರಡು ಕಡೆಯವರ ವಿವರಣೆಗಳು ಬೇರೆಯಾಗಿಯೇ ಉಳಿದವು. ದಕ್ಷಿಣ ಭಾರತದವರು ಅದಕ್ಕೂ ಅರ್ಧ ಶತಮಾನ ಮೊದಲೇ ಬೇರೆ ದಾರಿ ಹಿಡಿದಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿದ ಸಿ.ಎಸ್.ಐ. ಸಭೆಯಲ್ಲಿ ವೆಸ್ಲಿಯ ಮಕ್ಕಳೂ ಕ್ಯಾಲ್ವಿನ್ನನ ಮೊಮ್ಮಕ್ಕಳೂ ಒಂದಾದರು. ಆಯ್ಕೆಯ ವಾದವನ್ನು ಬಗೆಹರಿಸಿ ಅಲ್ಲ, ಬಗೆಹರಿಸದೆಯೇ.

ಪಂಡಿತರ ನಡುವೆ ಸ್ಯಾಂಡರ್ಸ್, ಡನ್ ಹೂಡಿದ ವಾದವೂ ನಿಂತಿಲ್ಲ. 2015ರಲ್ಲಿ ಜಾನ್ ಬಾರ್ಕ್ಲೇ ಇನ್ನೊಂದು ಸೂಕ್ಷ್ಮ ತೆಗೆದರು: ಕೃಪೆಯೆಂದಾಗ ಎಲ್ಲರೂ ಒಂದನ್ನೇ ಹೇಳುತ್ತಿಲ್ಲ. ಕೆಲವರಿಗೆ ಅದು ಎಲ್ಲಕ್ಕೂ ಮೊದಲು ಬರುವುದು, ಕೆಲವರಿಗೆ ಯೋಗ್ಯತೆ ನೋಡದೆ ಬರುವುದು, ಕೆಲವರಿಗೆ ಮರಳಿ ಏನನ್ನೂ ಕೇಳದೆ ಬರುವುದು. ಪೌಲನ ಕೃಪೆ ಯೋಗ್ಯತೆ ನೋಡುವುದಿಲ್ಲ, ಆದರೆ ಪ್ರತಿಯಾಗಿ ಬದುಕನ್ನು ಕೇಳುತ್ತದೆ ಎಂಬುದು ಅವರ ನಿಲುವು. ಈ ಅಳತೆಗೋಲನ್ನು ನಮ್ಮ ಮತಗಳಿಗೆ ಹಿಡಿದರೆ ತೆಂಗಲೆ ಪೌಲನ ಪಕ್ಕಕ್ಕೆ ಬರುತ್ತದೆ, ಮಾಧ್ವ ದೂರ ಸರಿಯುತ್ತದೆ. ಶರಣರನ್ನು ಎಲ್ಲಿಡುವುದೆಂಬುದು ಸುಲಭವಲ್ಲ, ಏಕೆಂದರೆ ಅವರಲ್ಲಿ ಕಾಯಕ ಕೃಪೆಗೆ ಉತ್ತರವೂ ಹೌದು, ಕೃಪೆಯೇ ಹೌದು.

ತಪ್ಪಿದವನ ಪ್ರಶ್ನೆಗೂ ಒಮ್ಮತವಿಲ್ಲ. ಶರಣಾದ ಮೇಲೆ ಬೇಕೆಂದೇ ಮಾಡಿದ ಪಾಪ ಶರಣಾಗತಿಯನ್ನೇ ಕೆಡಿಸುತ್ತದೆಯೇ? ಟ್ರೆಂಟ್ ಸಭೆ ಹೌದೆಂದಿತು, ಕ್ಯಾಲ್ವಿನ್ ಇಲ್ಲವೆಂದ, ವೆಸ್ಲಿ ಮತ್ತೆ ಹೌದೆಂದ, ದೇಶಿಕರು ಶಿಕ್ಷೆಯುಂಟು ಮೋಕ್ಷ ತಪ್ಪದು ಎಂದು ನಡುವೆ ನಿಂತರು. ಕೃಪೆಯೇ ದಕ್ಕದವರ ಹೊಣೆ ಯಾರದೆಂಬುದಕ್ಕೆ ಕ್ಯಾಲ್ವಿನ್ ದೇವರ ಇಚ್ಛೆಯನ್ನೂ ಮಾಧ್ವರು ಜೀವದ ಸ್ವರೂಪವನ್ನೂ ತೋರಿಸುತ್ತಾರೆ. ಎರಡನ್ನೂ ಒಪ್ಪದವರು ಪೆಲೇಜಿಯಸ್ಸನ ಬಾಗಿಲಿಗೆ ಹೋಗದೆ ಬೇರೆ ಉತ್ತರ ಕಟ್ಟಬಲ್ಲರೇ ಎಂಬುದು ಇನ್ನೂ ನಡೆಯುತ್ತಿರುವ ವಾದ. ಇವೆಲ್ಲಕ್ಕಿಂತ ಕಠಿಣವಾದದ್ದು, ಯಾವ ಕಟ್ಟಳೆ ದೇವರ ಆಜ್ಞೆ, ಯಾವುದು ಊರು ಕಟ್ಟಿಕೊಂಡ ಬೇಲಿ ಎಂದು ಬೇರ್ಪಡಿಸುವ ಅಧಿಕಾರ ಯಾರಿಗೆ ಎಂಬುದು. ಜೆರೂಸಲೇಮಿನಲ್ಲಿ ಅದನ್ನು ಸಭೆ ತೀರ್ಮಾನಿಸಿತು, ಪುದುಚೇರಿಯಲ್ಲಿ ಪೋಪರ ಪ್ರತಿನಿಧಿ, ಸ್ವತಂತ್ರ ಭಾರತದ ಗುಡಿಗಳಲ್ಲಿ ಸಂವಿಧಾನದ 17ನೇ ವಿಧಿ ಮತ್ತು ನ್ಯಾಯಾಲಯ. ಧರ್ಮದ ಅತ್ಯವಶ್ಯಕ ಆಚಾರ ಯಾವುದೆಂದು ನ್ಯಾಯಾಧೀಶರು ಹೇಳಬಹುದೇ ಎಂಬ ಪ್ರಶ್ನೆಯನ್ನು ಶಬರಿಮಲೆಯ ಮರುಪರಿಶೀಲನೆಯ ಹೊತ್ತಿನಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿತು.